ಧಾರವಾಡ ಪೇಡೆಯಿಂದ ಬೆಂಗೇರಿ ಖಾದಿಯವರೆಗೆ: ಪರದೇಶಕ್ಕೆ ಒಯ್ಯುವ ಕಾಣಿಕೆಗಳಲ್ಲಿ ಯಾವುದು ಎಲ್ಲಿ ಒಗ್ಗುತ್ತದೆ

ಹುಬ್ಬಳ್ಳಿ-ಧಾರವಾಡದಿಂದ ಯಾರಾದರೂ ಕೆಲಸಕ್ಕೋ ಓದಿಗೋ ಪರದೇಶಕ್ಕೆ ಹೊರಟರೆ ಬ್ಯಾಗಿನಲ್ಲಿ ಎರಡು ಕಿಲೋ ಪೇಡೆ ಇರಲೇಬೇಕು. ಅದರ ಜತೆಗೆ ಅವ್ವ ಕಟ್ಟಿಕೊಟ್ಟ ಶೇಂಗಾ ಹೋಳಿಗೆ, ಅತ್ತೆ ತಂದ ಕರದಂಟು, ಬ್ಯಾಡಗಿ ಖಾರಪುಡಿ, "ಅಲ್ಲಿ ಯಾರಿಗರೆ ಕೊಡಾಕ ಬೇಕಾಗ್ತದ" ಎಂದು ತುರುಕಿದ ನಾಲ್ಕು ಖಣ. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದೆಂಬ ನಮ್ಮ ಕಡೆಯ ರೀತಿ ಜಪಾನಿನಲ್ಲೂ ಸಲ್ಲುತ್ತದೆ, ಜರ್ಮನಿಯಲ್ಲೂ ಸಲ್ಲುತ್ತದೆ. ತೊಡಕು ಬರುವುದು ಬೇರೆ ಕಡೆ. ಕೆಲವು ಕಾಣಿಕೆಗಳನ್ನು ಆ ದೇಶದ ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಕೆಲವು ಮನೆ ತಲುಪುತ್ತವೆ, ಆದರೆ ತೆಗೆದುಕೊಂಡವರಿಗೆ ಋಣದ ಭಾರ ಹೊರಿಸುತ್ತವೆ. ಇನ್ನು ಕೆಲವು ವಸ್ತುವಾಗಿ ಬಹಳ ಚೆಂದ, ಕೊಟ್ಟ ರೀತಿ ತಪ್ಪಿದ್ದರಿಂದ ಮುಜುಗರ ತರುತ್ತವೆ.

ನಮ್ಮ ಭಾಗದಲ್ಲಿ ಸುಲಭವಾಗಿ ಸಿಗುವ ಕಾಣಿಕೆಗಳನ್ನು ಈ ಮೂರೂ ಕಡೆಯಿಂದ ನೋಡಿ ಇಲ್ಲಿ ತೂಗಿದ್ದೇವೆ. ರುಚಿ, ಅಂದದ ಜತೆಗೆ ಅವು ಪರದೇಶದ ಶಿಷ್ಟಾಚಾರಕ್ಕೆ ಎಷ್ಟು ಹೊಂದುತ್ತವೆ ಎಂಬುದೇ ಇಲ್ಲಿ ಮುಖ್ಯ ಅಳತೆ.

ಧಾರವಾಡ ಪೇಡೆ

ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದು ನೆಲೆಸಿದ ಠಾಕೂರ್ ಮನೆತನ ಧಾರವಾಡದಲ್ಲಿ ಬೇರೂರಿಸಿದ ಸಿಹಿ ಇದು. ಇದು ಈ ಊರಿನದೇ ವಿಶೇಷ ಎಂದು ಸಾರುವ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಇದೆ. ಖೋವಾವನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು, ಸಕ್ಕರೆ ಸೇರಿಸಿ, ಮೇಲೆ ಸಕ್ಕರೆ ಪುಡಿ ಹೊರಳಿಸುತ್ತಾರೆ. ಹುರಿದು ನೀರಿನಂಶ ಕಡಿಮೆಯಾಗಿರುವುದರಿಂದ ಬರ್ಫಿ, ರಸಗುಲ್ಲಾಗಳಿಗಿಂತ ಪ್ರಯಾಣಕ್ಕೆ ಚೆನ್ನಾಗಿ ತಾಳುತ್ತದೆ. ಇದರ ರುಚಿಯನ್ನು ಪರದೇಶದವರಿಗೆ ವಿವರಿಸುವ ಕಷ್ಟವೂ ಇಲ್ಲ. ಹಾಲು ಮತ್ತು ಸಕ್ಕರೆಯನ್ನು ಕಂದಾಗುವವರೆಗೆ ಕಾಯಿಸಿದ್ದು ಎಂದರೆ ಯಾರಿಗಾದರೂ ತಿಳಿಯುತ್ತದೆ.

ಆದರೆ ಇದು ಹಾಲಿನ ಪದಾರ್ಥ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹೋಗುವ ಪ್ರಯಾಣಿಕರು ತಮ್ಮ ಸಾಮಾನಿನಲ್ಲಿ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಭಾರತದಿಂದ ಬ್ರಿಟನ್ನಿಗೆ ಹೋಗುವವರಿಗೂ ಇದೇ ನಿರ್ಬಂಧ. ಆಸ್ಟ್ರೇಲಿಯಾ ಹಾಲಿನ ಸಿಹಿಗಳ ವಿಷಯದಲ್ಲಿ ಬಹಳ ಬಿಗಿ. ಕಾಲುಬಾಯಿ ಜ್ವರ ಇರುವ ದೇಶಗಳಿಂದ ಬರುವ ಹಾಲಿನ ಪದಾರ್ಥ ತಮ್ಮ ದನಕರುಗಳಿಗೆ ರೋಗ ತರಬಹುದೆಂಬ ಅವರ ಆತಂಕ ನಿಜವಾದದ್ದು. ಅದನ್ನು ಕಿರಿಕಿರಿ ಎಂದು ತಿಳಿಯಬಾರದು. ನ್ಯೂಜಿಲೆಂಡಿನಲ್ಲಿ ಘೋಷಿಸದೆ ತಂದ ಆಹಾರ ಸಿಕ್ಕರೆ ನಿಂತಲ್ಲೇ 400 ಡಾಲರ್ ದಂಡ. ಅಮೆರಿಕದಲ್ಲಿ ಒಳಬಿಡುವುದು, ಬಿಡದಿರುವುದು ಅಧಿಕಾರಿಯ ತಪಾಸಣೆಗೆ ಸೇರಿದ್ದು. ಎಲ್ಲ ಕಡೆಯೂ ಉಳಿಸುವ ಒಂದೇ ಕ್ರಮವೆಂದರೆ ಘೋಷಣಾ ಪತ್ರದಲ್ಲಿ ಆಹಾರ ಇದೆ ಎಂದು ಗುರುತು ಹಾಕುವುದು. ಘೋಷಿಸಿದರೆ ಹೆಚ್ಚೆಂದರೆ ಪೇಡೆ ಹೋಗುತ್ತದೆ. ಮುಚ್ಚಿಟ್ಟರೆ ದಂಡ ಬೀಳುತ್ತದೆ, ವೀಸಾದ ಮೇಲೂ ಅದರ ನೆರಳು ಬೀಳಬಹುದು.

ಹಾಗಾಗಿ ಪೇಡೆ ನಿಜವಾಗಿ ಒಗ್ಗುವುದು ಕೊಲ್ಲಿ ದೇಶಗಳಿಗೆ. ಖರ್ಜೂರ, ಕಾಫಿ ಕೊಟ್ಟು ಅತಿಥಿಯನ್ನು ಸ್ವಾಗತಿಸುವ ಅರಬ್ಬರ ಮನೆಯಲ್ಲಿ ಸಿಹಿಯ ಡಬ್ಬಿಗೆ ತನ್ನದೇ ಗೌರವವಿದೆ. ಅದರಲ್ಲಿ ಮದ್ಯವಾಗಲಿ ಪ್ರಾಣಿಗಳ ಚರ್ಮ, ಎಲುಬಿನಿಂದ ತೆಗೆಯುವ ಜಿಲೆಟಿನ್ ಆಗಲಿ ಇಲ್ಲದಿರುವುದರಿಂದ ಹಲಾಲ್ ಬಗ್ಗೆ ಅವರಿಗೆ ಸಂದೇಹವೂ ಹುಟ್ಟುವುದಿಲ್ಲ. ರಂಜಾನ್ ತಿಂಗಳಲ್ಲಿ ಹಗಲಿಗೆ ಕಚೇರಿಯಲ್ಲಿ ಡಬ್ಬಿ ತೆರೆಯಬಾರದು. ಸಂಜೆ ಇಫ್ತಾರ್‌ಗೆ ಕರೆದಿದ್ದರೆ ಆಗ ಒಯ್ಯಿರಿ.

ಕೊಳ್ಳುವಾಗಿನ ಒಂದು ಕೊರತೆಯನ್ನು ಹೇಳಲೇಬೇಕು. ನಮ್ಮ ಅಂಗಡಿಗಳಲ್ಲಿ ಪೇಡೆಯನ್ನು ಡಬ್ಬಿಯಲ್ಲಿ ಒತ್ತಿ ತುಂಬಿ ಕೊಡುವುದೇ ರೂಢಿ. ಹತ್ತು ಜನರ ನಡುವೆ ಡಬ್ಬಿ ತೆರೆದಿಟ್ಟು ಎಲ್ಲರೂ ಕೈ ಹಾಕುವುದು ನಮಗೆ ಆತ್ಮೀಯತೆ. ಬೇರೆ ಹಲವು ದೇಶಗಳ ಕಚೇರಿಗಳಲ್ಲಿ ಅದು ಹಿಂಜರಿಕೆ ತರುತ್ತದೆ. ಜಪಾನಿನಲ್ಲಂತೂ ಊರಿನಿಂದ ಮರಳಿ ಸಹೋದ್ಯೋಗಿಗಳಿಗೆ ಹಂಚುವ 'ಒಮಿಯಾಗೆ' ಎಂಬ ಕಾಣಿಕೆ ಬಿಡಿಬಿಡಿಯಾಗಿ ಸುತ್ತಿರಬೇಕು, ಒಬ್ಬರಿಗೆ ಒಂದರಂತೆ ಲೆಕ್ಕಕ್ಕೆ ಸಿಗಬೇಕು. "ಅಣ್ಣಾರ, ಒಂದೊಂದು ಪೇಡೆ ಬ್ಯಾರೆ ಬ್ಯಾರೆ ಸುತ್ತಿ ಕೊಡ್ರಿ" ಎಂದು ಧಾರವಾಡದ ಲೈನ್ ಬಜಾರಿನಲ್ಲಿ ಕೇಳಿ ನೋಡಿ. ಗದ್ದಲದ ಹೊತ್ತಿನಲ್ಲಿ ಆಗುವುದಿಲ್ಲ, ಬೆಳಗ್ಗೆ ಬೇಗ ಹೋದರೆ ಕೇಳಲು ಪುರುಸೊತ್ತು ಸಿಗುತ್ತದೆ. ಆಗದಿದ್ದರೆ ಆಹಾರಕ್ಕೆ ಬಳಸುವ ಬೆಣ್ಣೆಕಾಗದ ತಂದು ಮನೆಯಲ್ಲೇ ಸುತ್ತಿ, ಅಂಗಡಿಯ ಮೂಲ ಲೇಬಲ್ ಡಬ್ಬಿಯ ಹೊರಗೆ ಕಾಣುವಂತೆ ಇಡಿ. ಲೇಬಲ್ ಇಲ್ಲದ ತಿನಿಸನ್ನು ಯಾವ ಕಸ್ಟಮ್ಸ್ ಅಧಿಕಾರಿಯೂ ಸಂದೇಹವಿಲ್ಲದೆ ನೋಡುವುದಿಲ್ಲ. ಒಂದೇ ದೊಡ್ಡ ಡಬ್ಬಿಗಿಂತ 250 ಗ್ರಾಮಿನ ನಾಲ್ಕು ಡಬ್ಬಿ ಮೇಲು.

ಕರದಂಟು, ಅಂಟಿನ ಉಂಡಿ, ಶೇಂಗಾ ಹೋಳಿಗೆ

ಕರದಂಟಿಗೆ ಗೋಕಾಕ, ಅಮೀನಗಡ ಹೆಸರುವಾಸಿ; ಹುಬ್ಬಳ್ಳಿಯ ಯಾವ ಸಿಹಿ ಅಂಗಡಿಯಲ್ಲೂ ಸಿಗುತ್ತದೆ. ಪೌಷ್ಟಿಕ, ಗಟ್ಟಿ, ಬಹುದಿನ ಇರುತ್ತದೆ. ಇಷ್ಟೆಲ್ಲ ಇದ್ದರೂ ಸಂಯುಕ್ತ ಅರಬ್ ಸಂಸ್ಥಾನಕ್ಕೆ, ಅಂದರೆ ದುಬೈ, ಅಬುಧಾಬಿ ಕಡೆಗೆ, ಇದನ್ನು ಒಯ್ಯಲೇಬೇಡಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಹಲವು ತಯಾರಕರು ಇದಕ್ಕೆ ಗಸಗಸೆ ಹಾಕುತ್ತಾರೆ. ಗಸಗಸೆ ಅಫೀಮಿನ ಗಿಡದ ಬೀಜವಾದ್ದರಿಂದ ಅಲ್ಲಿ ಮಾದಕವಸ್ತು ಕಾನೂನಿನಡಿ ನಿಷಿದ್ಧ. ಬಾಣಂತಿಯರಿಗೆ ಕಟ್ಟುವ ಅಂಟಿನ ಉಂಡಿಯಲ್ಲೂ ಗಸಗಸೆ ಇರುವುದು ಸಾಮಾನ್ಯ. ಮಗಳ ಬಾಣಂತನಕ್ಕೆಂದು ದುಬೈಗೆ ಹೊರಟ ತಾಯಂದಿರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಉಂಡಿ ಕಟ್ಟುವಾಗಲೇ ಗಸಗಸೆ ಬಿಡಿ, ಮಸಾಲೆಯ ಪೊಟ್ಟಣಗಳಲ್ಲೂ ಇದೆಯೇ ಎಂದು ಓದಿ. ಎಲೆ-ಅಡಿಕೆ, ಪಾನ್, ಗುಟಕಾ ಕೂಡ ಅದೇ ಊರುಗಳಲ್ಲಿ ತೊಂದರೆಯ ವಸ್ತುಗಳೇ. ತಾಂಬೂಲ ಕೊಟ್ಟು ಗೌರವಿಸುವ ಪದ್ಧತಿಯನ್ನು ವಿಮಾನ ಹತ್ತುವ ಮುನ್ನ ಮನೆಯಲ್ಲೇ ಮುಗಿಸಿ.

ಒಣ ಕೊಬ್ಬರಿ ಬಟ್ಟಲು ಮತ್ತೊಂದು ಅಡಚಣೆ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗದಲ್ಲಿ ಕೊಬ್ಬರಿಯನ್ನು ಸೇರಿಸಿದ್ದಾರೆ. ಆದ್ದರಿಂದ ಚೆಕ್-ಇನ್ ಬ್ಯಾಗಿನಿಂದಲೂ ತೆಗೆಸುತ್ತಾರೆ.

ಶೇಂಗಾ ಹೋಳಿಗೆ ಇವೆಲ್ಲಕ್ಕಿಂತ ಸುರಕ್ಷಿತ ಎಂದು ಅನಿಸುತ್ತದೆ. ಹಾಲಿಲ್ಲ, ಎಣ್ಣೆಯಲ್ಲಿ ಬೇಯಿಸಿದರೆ ತುಪ್ಪವೂ ಇಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಆದರೆ ಇಂಗ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಶೇಂಗಾ ಅಲರ್ಜಿಯನ್ನು ಜೀವಕ್ಕೆ ಅಪಾಯವೆಂದೇ ನೋಡುತ್ತಾರೆ. ಅಲ್ಲಿನ ಎಷ್ಟೋ ಶಾಲೆ, ಶಿಶುವಿಹಾರಗಳಿಗೆ ಶೇಂಗಾ ಇರುವ ತಿನಿಸನ್ನು ತರುವಂತೆಯೇ ಇಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ತರಗತಿಗೆಲ್ಲ ಶೇಂಗಾ ಉಂಡಿ ಹಂಚುವುದು ಇಲ್ಲಿ ಪ್ರೀತಿ, ಅಲ್ಲಿ ಗಂಭೀರ ತಪ್ಪು. ಯಾರಿಗೇ ಕೊಡುವ ಮೊದಲು ಅಲರ್ಜಿ ಇದೆಯೇ ಎಂದು ಕೇಳುವುದನ್ನು ಅಲ್ಲಿ ಯಾರೂ ಅಸಭ್ಯ ಎನ್ನುವುದಿಲ್ಲ. ಕೇಳದಿರುವುದೇ ಅಸಡ್ಡೆ ಎನಿಸುತ್ತದೆ.

ಖಡಕ್ ರೊಟ್ಟಿ ಮತ್ತು ಅಗಸಿ ಹಿಂಡಿ

ಈ ಪರೀಕ್ಷೆಯಲ್ಲಿ ತಿನಿಸುಗಳ ಪೈಕಿ ಮೊದಲ ಸ್ಥಾನ ಇದಕ್ಕೇ. ಜೋಳದ ಖಡಕ್ ರೊಟ್ಟಿಯಲ್ಲಿ ಜೋಳದ ಹಿಟ್ಟು, ನೀರು, ಉಪ್ಪು ಬಿಟ್ಟರೆ ಮತ್ತೇನಿಲ್ಲ. ಹಾಲಿಲ್ಲ, ಮೊಟ್ಟೆಯಿಲ್ಲ, ಶೇಂಗಾ ಇಲ್ಲ. ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟಿನಂಶ ಜೋಳದಲ್ಲಿ ಇಲ್ಲದಿರುವುದರಿಂದ ಗೋಧಿ ತಿನ್ನಲಾಗದವರಿಗೂ ನಡೆಯುತ್ತದೆ. ಆದರೆ ಅದೇ ಹಂಚಿನ ಮೇಲೆ ಚಪಾತಿ ಬೇಯಿಸುತ್ತಾರೆಯೇ, ಅದೇ ಗಿರಣಿಯಲ್ಲಿ ಗೋಧಿಯನ್ನೂ ಬೀಸುತ್ತಾರೆಯೇ ಎಂದು ರೊಟ್ಟಿ ಮಾಡುವ ಅಕ್ಕನವರನ್ನು ಕೇಳಿಕೊಳ್ಳಿ. ಎರಡರಲ್ಲಿ ಒಂದಕ್ಕೆ ಹೌದು ಎಂದರೂ, ಗ್ಲೂಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಇರುವವರಿಗೆ ಕೊಡಬೇಡಿ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚುವುದು ವಾಡಿಕೆ. ಎಳ್ಳು ಕೂಡ ಅಲರ್ಜಿಯ ಪಟ್ಟಿಯಲ್ಲಿದೆ ಎನ್ನುವುದನ್ನು ಮರೆಯಬಾರದು.

ಜರ್ಮನಿಗೆ ಹೋಗುವವರಿಗೆ ಇದಕ್ಕಿಂತ ಹೊಂದುವ ಕಾಣಿಕೆ ಇಲ್ಲ. ಹೊಸ ಮನೆಗೆ ಬಂದವರಿಗೆ ಬ್ರೆಡ್ಡು ಮತ್ತು ಉಪ್ಪು ಕೊಟ್ಟು ಹರಸುವ ಪದ್ಧತಿ ಅಲ್ಲಿದೆ. ಸಹೋದ್ಯೋಗಿ ಮನೆ ಬದಲಿಸಿದಾಗ ಆರು ಖಡಕ್ ರೊಟ್ಟಿ, ಪುಟ್ಟ ಸೀಸೆಯಲ್ಲಿ ಹಿಂಡಿ (ಚಟ್ನಿಪುಡಿ) ಒಯ್ದು "ನಮ್ಮೂರಿನ ಬ್ರೆಡ್ಡು, ಉಪ್ಪು" ಎಂದು ಕೊಟ್ಟರೆ ಅವರದೇ ಪದ್ಧತಿಯಲ್ಲಿ ನಮ್ಮದನ್ನು ಕೊಟ್ಟ ಹಾಗಾಗುತ್ತದೆ. ಹಿಂಡಿಯಲ್ಲಿ ಶೇಂಗಾದ್ದಕ್ಕಿಂತ ಅಗಸಿಯದ್ದನ್ನು ಆರಿಸಿ. ಅಗಸೆ ಬೀಜವನ್ನು ಆರೋಗ್ಯಕ್ಕೆಂದು ಬ್ರೆಡ್ಡಿಗೆ ಹಾಕಿ ತಿನ್ನುವವರು ಅವರು, ಪರಿಚಯವಿರುವ ವಸ್ತು. ಖಾರ ಅರ್ಧಕ್ಕೆ ಇಳಿಸಿ ಮಾಡಿಸಿ.

ಕೆಡುವುದು ಎಲ್ಲಿ? ಒಡೆಯುವುದರಲ್ಲಿ. ರೊಟ್ಟಿಯನ್ನು ಪೊಟ್ಟಣದಲ್ಲಿ ಬಿಗಿದು ಬಟ್ಟೆಯ ನಡುವೆ ಇಟ್ಟರೆ ತಲುಪುವಷ್ಟರಲ್ಲಿ ಚೂರಾಗಿರುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯ ತಳಕ್ಕೆ ಮಡಚಿದ ಟವೆಲ್ ಹಾಸಿ, ಪ್ರತಿ ನಾಲ್ಕು ರೊಟ್ಟಿಗೊಂದು ಕಾಗದ ಇಟ್ಟು, ಮೇಲೆ ಮತ್ತೊಂದು ಟವೆಲ್ ತುಂಬಿ ಅಲುಗಾಡದಂತೆ ಮುಚ್ಚಿ. ಡಬ್ಬಿಯ ಅಳತೆಗೆ ತಕ್ಕ ಸಣ್ಣ ರೊಟ್ಟಿ ಮಾಡಿಕೊಡಿ ಎಂದು ಎರಡು ದಿನ ಮೊದಲೇ ಹೇಳಿದರೆ ಮಾಡಿಕೊಡುವವರು ಹುಬ್ಬಳ್ಳಿಯಲ್ಲಿ ಸಿಗುತ್ತಾರೆ.

ಬ್ಯಾಡಗಿ ಮೆಣಸಿನಕಾಯಿ

ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ಹಾವೇರಿ ಜಿಲ್ಲೆಯ ಈ ಕಾಯಿಯ ಹೆಗ್ಗಳಿಕೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಇದರಲ್ಲಿ ಎರಡು ಬಗೆ. ಗಿಡ್ಡ, ಗುಂಡಗಿನದು ಡಬ್ಬಿ. ಉದ್ದ, ತೆಳ್ಳಗಿನದು ಕಡ್ಡಿ. ಅಡುಗೆಯಲ್ಲಿ ಆಸಕ್ತಿ ಇರುವ ಸ್ನೇಹಿತರಿಗೆ ಒಳ್ಳೆಯ ಕಾಣಿಕೆ, ಉಳಿದವರಿಗೆ ಅಲ್ಲ. ಮೆಣಸಿನ ಪುಡಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ, ಚೆಕ್-ಇನ್‌ಗೆ ಹಾಕಬೇಕು. ಸಂತೆಯ ಬಿಡಿ ಪುಡಿ ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಪರವಾನಗಿ ಸಂಖ್ಯೆ, ತಾರೀಖು, ತೂಕ ಅಚ್ಚಾಗಿರುವ, ಕಾರ್ಖಾನೆಯಲ್ಲೇ ಬಾಯಿ ಮುಚ್ಚಿದ 100 ಗ್ರಾಮಿನ ಪೊಟ್ಟಣ ಸಾಕು. ಬಿಡಿ ಪುಡಿಯಲ್ಲಿ ಕಲಬೆರಕೆ ಬಣ್ಣದ ಭಯ ಇದ್ದೇ ಇದೆ. ಸುಡಾನ್ ಎಂಬ ಕೃತಕ ಬಣ್ಣ ಮೆಣಸಿನ ಪುಡಿಯಲ್ಲಿ ಸಿಕ್ಕಿದ ಮೇಲೆ 2003ರಿಂದ ಯುರೋಪು ಈ ವಿಷಯದಲ್ಲಿ ಕಣ್ಣಿಟ್ಟಿದೆ. ಕೊಡುವಾಗ "ಒಂದು ಚಿಟಿಕೆ, ಎಣ್ಣೆಯಲ್ಲಿ" ಎಂದು ಹೇಳಿ ಕೊಡಿ.

ಕಸೂತಿ

ಇನ್ನು ತಿನ್ನದ ಕಾಣಿಕೆಗಳು. ಇವುಗಳಿಗೆ ಆಹಾರದ ತಪಾಸಣೆಯ ಕಾಟವಿಲ್ಲ. ಹಾಗಾಗಿ ಬ್ಯಾಗಿನ ಹೆಚ್ಚಿನ ಜಾಗ ಇವಕ್ಕೇ ಸಲ್ಲಬೇಕು ಎನ್ನುವುದು ನಮ್ಮ ಮತ.

ಧಾರವಾಡ ಭಾಗದ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆ. ಎಳೆ ಎಣಿಸಿ ಹೊಲಿಯುವ ಕೆಲಸ, ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗಲು ಒಂದೇ ರೀತಿ ಕಾಣುತ್ತದೆ. ಕೊಳ್ಳುವಾಗ ಮೊದಲು ಮಾಡಬೇಕಾದ ಕೆಲಸ ಬಟ್ಟೆ ತಿರುಗಿಸಿ ನೋಡುವುದು. ಹಿಂದೆ ಉದ್ದಕ್ಕೂ ಒಂದೇ ಬಿಳಿ ದಾರ ಓಡಿದ್ದರೆ, ಅಂಟುಬಟ್ಟೆ ಹಚ್ಚಿದ್ದರೆ ಅದು ಕಂಪ್ಯೂಟರ್ ಯಂತ್ರದ ಕಸೂತಿ. ಯಂತ್ರದ್ದನ್ನು ಕೈಗೆಲಸ ಎಂದು ಹೇಳಿ ಕೊಟ್ಟರೆ ಕಾಣಿಕೆಯೇ ಸುಳ್ಳಾಗುತ್ತದೆ. ಬಿಳಿ ಕರವಸ್ತ್ರ ಒದ್ದೆ ಮಾಡಿ ಹೊಲಿಗೆಯ ಮೇಲೆ ಒತ್ತಿ. ಬಣ್ಣ ಹತ್ತಿದರೆ ಬೇಡ.

ಚಿತ್ರದ ಆಯ್ಕೆ ಊರಿಗೆ ತಕ್ಕಂತೆ ಇರಲಿ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ನಮ್ಮ ಕಸೂತಿಯ ಜೀವಾಳ. ಆದರೆ ಧಾರ್ಮಿಕ ಶ್ರದ್ಧೆಯ ಮುಸ್ಲಿಂ ಮನೆಗಳಲ್ಲಿ ಪ್ರಾಣಿ, ಮನುಷ್ಯರ ಚಿತ್ರ ಇಡದಿರುವವರು ಇದ್ದಾರೆ. ಗುಡಿಯ ಚಿತ್ರವೂ ಅಲ್ಲಿ ಸರಿಹೊಂದದು. ಅವರಿಗೆ ಬರಿಯ ಗೆರೆ, ಚೌಕ, ನಕ್ಷತ್ರದ ಮಾದರಿ ಆರಿಸಿ. ಚಂದ್ರಕಾಳಿ ಸೀರೆಯ ಕಪ್ಪಿನ ಮೇಲೆ ಕಸೂತಿ ನಮಗೆ ಮದುವೆಯ ಮಂಗಳ. ಚೀನಾ, ಜಪಾನ್, ಕೊರಿಯಾಗಳಲ್ಲಿ ಕಪ್ಪು-ಬಿಳಿ ಜೋಡಿ ಸಾವಿನ ಮನೆಯ ನೆನಪು ತರುತ್ತದೆ. ಅಲ್ಲಿಗೆ ಕೆಂಪು, ಕುಂಕುಮ ಬಣ್ಣದ ಬಟ್ಟೆ ನೋಡಿ.

ವಸ್ತುವಿನ ರೂಪದಲ್ಲಿ ಮೇಜಿನ ಪಟ್ಟಿ, ಪುಸ್ತಕದ ಗುರುತುಪಟ್ಟಿ, ದಿಂಬಿನ ಚೀಲ ಸರಿ. ಕಸೂತಿ ಮಾಡಿದ ಕರವಸ್ತ್ರ ಚೆಂದ ಕಂಡರೂ ಚೀನಾದವರಿಗೆ ಬೇಡ, ಅದು ಅಗಲಿಕೆಯ, ಕಣ್ಣೀರಿನ ಸೂಚನೆ. ಗಡಿಯಾರ, ಛತ್ರಿಗಳನ್ನೂ ಅವರಿಗೆ ಕೊಡುವುದಿಲ್ಲ.

ನವಲಗುಂದದ ಜಮಖಾನೆ

ನವಲಗುಂದದ ಜಮಖಾನ ಗಲ್ಲಿಯ ಮನೆಗಳಲ್ಲಿ ಹೆಣ್ಣುಮಕ್ಕಳೇ ನೇಯುವ ಹತ್ತಿಯ ಹಾಸು. ಇದಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ನೇಯುವ ಕೈಗಳು ಬಹಳ ಕಡಿಮೆಯಾಗಿವೆ. ಪಗಡೆಯ ಪಟ, ನವಿಲು, ಚೌಕಳಿಗಳ ವಿನ್ಯಾಸ, ಗಾಢ ಬಣ್ಣ. ನಮ್ಮ ಭಾಗದ ಕಾಣಿಕೆಗಳಲ್ಲಿ ಇದಕ್ಕಿಂತ ಘನವಾದದ್ದು ಇನ್ನೊಂದಿಲ್ಲ, ತೊಂದರೆ ಇರುವುದೂ ಆ ಘನತೆಯಲ್ಲೇ.

ಜಪಾನಿನಲ್ಲಿ ಕಾಣಿಕೆ ಪಡೆದವರು ಅದರ ಬೆಲೆಯ ಅರ್ಧದಷ್ಟನ್ನೋ ಮೂರನೇ ಒಂದು ಭಾಗವನ್ನೋ ಮರಳಿ ಕೊಡುವ ಪದ್ಧತಿ ಇದೆ, ಒಕಾಯೆಶಿ ಎನ್ನುತ್ತಾರೆ. ಪರಿಚಯದ ಮೊದಲ ವಾರದಲ್ಲೇ ಜಮಖಾನೆ ಕೊಟ್ಟರೆ ಅವರಿಗೆ ಸಂತೋಷಕ್ಕಿಂತ ಲೆಕ್ಕದ ಚಿಂತೆ ಹತ್ತುತ್ತದೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೌಕರರು ತಮ್ಮ ಕೆಲಸದ ಸಂಬಂಧವಿರುವ ಹೊರಗಿನವರಿಂದ ಒಂದು ಸಲಕ್ಕೆ 20 ಡಾಲರ್, ವರ್ಷಕ್ಕೆ 50 ಡಾಲರ್ ಮೀರಿದ ಕಾಣಿಕೆ ತೆಗೆದುಕೊಳ್ಳುವಂತಿಲ್ಲ. ಕಂಪನಿಗಳಿಗೂ ವಿಶ್ವವಿದ್ಯಾಲಯಗಳಿಗೂ ಅವರವರ ಮಿತಿ ಇರುತ್ತದೆ. ಮಾರ್ಗದರ್ಶಕ ಪ್ರಾಧ್ಯಾಪಕರಿಗೆ ಪ್ರಬಂಧದ ಮೌಲ್ಯಮಾಪನಕ್ಕೆ ಮೊದಲು ಬೆಲೆಬಾಳುವ ವಸ್ತು ಕೊಡುವುದು ಅವರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಹಾಗಾಗಿ ಜಮಖಾನೆಯನ್ನು ಕೊನೆಗಿಡಿ. ಪದವಿ ಕೈಗೆ ಬಂದ ಮೇಲೆ, ಮನೆ ಖಾಲಿ ಮಾಡುವಾಗ, ಕಷ್ಟಕ್ಕೆ ನಿಂತ ನೆರೆಯವರಿಗೆ ಕೊಟ್ಟರೆ ಅದರ ತೂಕ ಸರಿಯಾಗಿ ಸಲ್ಲುತ್ತದೆ.

ಕಮಾನಿನ ಚಿತ್ರವಿರುವ ಜಾನಮಾಜ್ ನಮಾಜಿಗೆ ನೇಯ್ದ ಹಾಸು. ಮುಸ್ಲಿಂ ಸ್ನೇಹಿತರಿಗೆ ಇದಕ್ಕಿಂತ ಒಳ್ಳೆಯದನ್ನು ಕೊಡಲಾರಿರಿ. ಉಳಿದವರಿಗೆ ಅದನ್ನು ಕೊಡಬೇಡಿ. ತಿಳಿಯದೆ ಬಾಗಿಲ ಬಳಿ ಕಾಲೊರೆಸಲು ಹಾಕಿದರೆ ನೋಡಿದ ಮುಸ್ಲಿಂ ಅತಿಥಿಗೆ ನೋವಾಗುತ್ತದೆ. ಬೇರೆಯವರಿಗೆ ಪಗಡೆಯ ವಿನ್ಯಾಸ ಇರಲಿ. ವಿಮಾನದಲ್ಲಿ ಬ್ಯಾಗಿಗೆ ಸಾಮಾನ್ಯವಾಗಿ ಬಿಡುವ 23 ಕಿಲೋ ತೂಕದಲ್ಲಿ ದೊಡ್ಡ ಹಾಸು ಬಹಳ ತಿನ್ನುತ್ತದೆ, ಒಬ್ಬರು ಕೂರುವ ಆಸನದ ಅಳತೆಯದು ಸಾಕು. ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆಯಾಗಿ ಎಂದು ಬರೆದು ಕೊಡಿ.

ಬೆಂಗೇರಿ ಖಾದಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು, ರಾಷ್ಟ್ರಧ್ವಜ ತಯಾರಿಕೆಗೆ ದೇಶಕ್ಕೇ ಹೆಸರಾದದ್ದು. ಪರದೇಶಕ್ಕೆ ಹೊರಟವರು ಅಲ್ಲಿಂದ ಧ್ವಜ ಕೊಳ್ಳುವುದು ಸಹಜ. ಧ್ವಜದ ಉದ್ದ-ಅಗಲ 3:2 ಪ್ರಮಾಣ. ಮೇಜಿಗೆ 150 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಅಗಲದ ಅತಿ ಚಿಕ್ಕ ಅಳತೆ ಸರಿ. ಇದನ್ನು ನಿಮ್ಮ ಮೇಜಿನ ಮೇಲೆ ಇಡಲು ಒಯ್ಯಿರಿ. ಪರದೇಶದವರಿಗೆ ಕಾಣಿಕೆಯಾಗಿ ಕೊಡುವುದನ್ನು ನಾವು ಒಪ್ಪುವುದಿಲ್ಲ. ನಮ್ಮ ಧ್ವಜಸಂಹಿತೆ ಧ್ವಜವನ್ನು ಹಾಸಲು, ಹೊದಿಸಲು, ಕರವಸ್ತ್ರ, ದಿಂಬಿಗೆ ಬಳಸುವುದನ್ನು ತಡೆಯುತ್ತದೆ. ಪಡೆದವರಿಗೆ ಆ ನಿಯಮ ಗೊತ್ತಿರುವುದಿಲ್ಲ, ತಪ್ಪಾದರೆ ತಪ್ಪು ಕೊಟ್ಟವರದೇ.

ಆದರೆ ಖಾದಿ ಟವೆಲ್, ವಿಶೇಷವಾಗಿ ಜಪಾನಿಗೆ, ಈ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಒಗ್ಗಿದ ಕಾಣಿಕೆ. ಹೊಸ ಮನೆಗೆ ಹೋದವರು ನೆರೆಯವರ ಬಾಗಿಲಿಗೆ ತಾವೇ ಹೋಗಿ ಪರಿಚಯ ಹೇಳಿಕೊಂಡು ಸಣ್ಣ ಕಾಣಿಕೆ ಕೊಡುವ ಪದ್ಧತಿ ಅಲ್ಲಿದೆ. ಇಲ್ಲಿ ನೆರೆಯವರೇ "ಏನರೆ ಬೇಕಾದ್ರ ಹೇಳ್ರಿ" ಎನ್ನುತ್ತ ಬರುತ್ತಾರೆ, ಅಲ್ಲಿ ಬಂದವರೇ ಮೊದಲು ಹೋಗಬೇಕು. ಸಾಲುಮನೆಯಾದರೆ ಎದುರಿನ ಮೂರು ಮನೆ, ಎಡಬಲದ ಎರಡು ಮನೆ. ಅಪಾರ್ಟ್‌ಮೆಂಟ್ ಆದರೆ ಎಡಬಲ, ಮೇಲೆ, ಕೆಳಗೆ. ಬಂದ ದಿನವೋ ಮರುದಿನವೋ, ಹಗಲು ಹೊತ್ತಿನಲ್ಲಿ. ಬೆಲೆ 500ರಿಂದ 1000 ಯೆನ್ ಒಳಗೆ. ಅಲ್ಲಿ ರೂಢಿಯಾಗಿ ಕೊಡುವ ವಸ್ತುಗಳಲ್ಲಿ ಮುಖ್ಯವಾದದ್ದೇ ಟವೆಲ್! ತೆಳುವಾದ ಖಾದಿ ಕೈವಸ್ತ್ರ ಬೇಗ ಆರುತ್ತದೆ, ಹಗುರ, ಬೆಲೆ ಮಿತಿಯೊಳಗೆ, ಹಿಂದೆ ಹೇಳಿಕೊಳ್ಳಲು ಒಂದು ಊರಿದೆ. ಆರು ಟವೆಲ್ ಒಯ್ದರೆ ಐದು ಮನೆಗೆ ಹಂಚಿ ಒಂದು ಮನೆಮಾಲೀಕರಿಗೆ ಉಳಿಯುತ್ತದೆ.

ಅದೇ ಟವೆಲ್ ಚೀನಾದಲ್ಲಿ ಬೇಡ. ಅಲ್ಲಿ ಅಂತ್ಯಸಂಸ್ಕಾರಕ್ಕೆ ಬಂದವರಿಗೆ ಟವೆಲ್ ಕೊಡುವ ರೂಢಿ ಇರುವುದರಿಂದ ಶುಭದ ಸಂದರ್ಭಕ್ಕೆ ಅದು ಅಪಶಕುನ. ಎರಡೂ ದೇಶಗಳನ್ನು ಒಂದೇ ಎಂದು ತಿಳಿದು ಸಾಮಾನು ಕಟ್ಟುವುದು ನಮ್ಮವರು ಪದೇ ಪದೇ ಮಾಡುವ ತಪ್ಪು.

ಹಾವೇರಿಯ ಏಲಕ್ಕಿ ಹಾರ

ನೋಡಲು ಅಪೂರ್ವ, ಕಂಪು ಬಹುಕಾಲ ಉಳಿಯುತ್ತದೆ. ಕನ್ನಡ ಸಂಘದ ಸಮಾರಂಭಗಳಿಗೆ ಸರಿ. ಪರದೇಶದವರ ಮನೆಗೆ ಹೋಗಿ ಕೊರಳಿಗೆ ಹಾಕುವುದು ಸರಿಯಲ್ಲ. ಕೊಲ್ಲಿಯಲ್ಲಿ ಗಂಡಸು ಪರ ಹೆಂಗಸಿನ ಹತ್ತಿರ ನಿಂತು ಹಾರ ಹಾಕುವಂತಿಲ್ಲ, ಆಕೆ ಮೊದಲು ಕೈ ಚಾಚದೆ ಕೈಕುಲುಕುವಂತೆಯೂ ಇಲ್ಲ. ಕೊಡಲೇಬೇಕೆಂದರೆ ಪೆಟ್ಟಿಗೆಯಲ್ಲಿಟ್ಟು ಕೈಗೆ ಕೊಡಿ. ಕಾಯೊಳಗೆ ಬೀಜ ಇರುವುದರಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಇದನ್ನೂ ಘೋಷಿಸಬೇಕು.

ಖಣ: ಕಾಣಿಕೆಗಿಂತ ಹೊದಿಕೆಯಾಗಿ

ಉಡಿ ತುಂಬಿ ಖಣ ಕೊಡುವುದು ನಮ್ಮಲ್ಲಿ ಹೆಣ್ಣುಮಗಳಿಗೆ ಸಲ್ಲುವ ಗೌರವ. ಕುಪ್ಪಸ ಹೊಲಿಸದ ಹೆಂಗಸಿಗೆ ಅದೊಂದು ತುಂಡು ಬಟ್ಟೆ ಮಾತ್ರ. ಅದನ್ನೇ ಸುತ್ತುವ ಬಟ್ಟೆಯಾಗಿ ಬಳಸಿದರೆ ಬಹಳ ಚೆಂದ. ಜಪಾನಿನಲ್ಲಿ ಕಾಣಿಕೆಯನ್ನು ಚೌಕ ಬಟ್ಟೆಯಲ್ಲಿ ಕಟ್ಟುವ ಫುರೋಶಿಕಿ ಪದ್ಧತಿ ಇದೆ. ಹೆಚ್ಚಾಗಿ ಬಳಸುವ ಅಳತೆಗಳಲ್ಲಿ ಚಿಕ್ಕದು 45 ಸೆಂಟಿಮೀಟರ್, ಅದಕ್ಕಿಂತ ದೊಡ್ಡದು ಸುಮಾರು 70 ಸೆಂಟಿಮೀಟರ್ ಚೌಕ. ಗುಳೇದಗುಡ್ಡದ ಖಣವನ್ನು 45ರ ಚೌಕಕ್ಕೆ ಕತ್ತರಿಸಿ, ಅಂಚು ಮಡಚಿ ಹೊಲಿಸಿ. 250 ಗ್ರಾಮಿನ ಡಬ್ಬಿಗೆ ಸರಿಹೋಗುತ್ತದೆ. ಜಪಾನಿನಲ್ಲಿ ಬಟ್ಟೆ ಬಿಚ್ಚಿ ಕಾಣಿಕೆ ಮಾತ್ರ ಕೊಟ್ಟು ಬಟ್ಟೆ ಮಡಚಿ ತರುತ್ತಾರೆ. ಬಟ್ಟೆಯನ್ನೂ ಕೊಡುವುದಾದರೆ "ಇದೂ ನಿಮಗೇ" ಎಂದು ಬಾಯಿಬಿಟ್ಟು ಹೇಳಬೇಕು.

ಗದುಗಿನ ಚೀಟಿ

ಮುದ್ರಣ ಕಾಶಿ ಎನಿಸಿದ ಗದುಗಿನಲ್ಲಿ ಅಂಗೈಯಗಲದ ಐವತ್ತು ಚೀಟಿ ಅಚ್ಚು ಹಾಕಿಸುವುದು ದೊಡ್ಡ ಖರ್ಚಲ್ಲ, ಪ್ರಯೋಜನ ಮಾತ್ರ ಬಹಳ. ಒಂದು ಮಗ್ಗುಲಿಗೆ ತಿನಿಸಿನ ಹೆಸರು ಕನ್ನಡದಲ್ಲೂ ಹೋಗುವ ದೇಶದ ಭಾಷೆಯಲ್ಲೂ, ಜತೆಗೆ ಊರು. ಇನ್ನೊಂದು ಮಗ್ಗುಲಿಗೆ ಏನೇನು ಹಾಕಿದೆ ಎಂಬ ಪೂರ್ತಿ ಪಟ್ಟಿ. ಅಮೆರಿಕದ ಕಾನೂನು ಒಂಬತ್ತು ಅಲರ್ಜಿ ಪದಾರ್ಥಗಳನ್ನು ಹೆಸರಿಸುತ್ತದೆ: ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯಂಥ ಚಿಪ್ಪುಜೀವಿ, ಗೋಡಂಬಿ-ಬಾದಾಮಿಯಂಥ ಮರದ ಬೀಜ, ಶೇಂಗಾ, ಗೋಧಿ, ಸೋಯಾ, 2023ರಿಂದ ಎಳ್ಳು. ಯುರೋಪು, ಬ್ರಿಟನ್ನುಗಳ ಪಟ್ಟಿ ಹದಿನಾಲ್ಕರದು, ಅದರಲ್ಲಿ ಸಾಸಿವೆಯೂ ಇದೆ. ನಮ್ಮ ಉಪ್ಪಿನಕಾಯಿ, ಒಗ್ಗರಣೆ ಹಾಕಿದ ಎಲ್ಲವೂ ಆ ಸಾಸಿವೆಯಿಂದಾಗಿ ಪಟ್ಟಿಗೆ ಬರುತ್ತದೆ. ಕಚೇರಿಯಲ್ಲಿ ಎಲ್ಲರೂ ಅಡುಗೆ ತಂದು ಹಂಚಿಕೊಳ್ಳುವ ದಿನ ಈ ಚೀಟಿ ತಟ್ಟೆಯ ಪಕ್ಕದಲ್ಲಿರಲಿ.

ಕೊಡುವ ಕೈ

ಮೇಲಿನ ವಸ್ತುಗಳಲ್ಲಿ ಯಾವುದನ್ನೇ ಆರಿಸಿದರೂ ಕೊಡುವ ಗಳಿಗೆಯಲ್ಲಿ ಏನಾಗುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಜಪಾನಿನಲ್ಲಿ ಚೀಲದಿಂದ ಹೊರತೆಗೆದು, ಅಕ್ಷರ ಪಡೆಯುವವರಿಗೆ ನೇರ ಕಾಣುವಂತೆ ತಿರುಗಿಸಿ, ಎರಡೂ ಕೈಯಲ್ಲಿ, ತುಸು ಬಾಗಿ ಕೊಡಬೇಕು. ಅವರು ನಿಮ್ಮೆದುರು ತೆರೆಯದೆ ಬದಿಗಿಟ್ಟರೆ ಬೇಸರಪಡಬೇಡಿ, ಅದೇ ಮರ್ಯಾದೆ. ನಾಲ್ಕು, ಒಂಬತ್ತರ ಲೆಕ್ಕದಲ್ಲಿ ಕೊಡಬಾರದು. ನಾಲ್ಕು ಸಾವನ್ನೂ ಒಂಬತ್ತು ಸಂಕಟವನ್ನೂ ನೆನಪಿಸುವ ಉಚ್ಚಾರಣೆ. ಡಬ್ಬಿಯಲ್ಲಿ ಒಂಬತ್ತು ಪೇಡೆ ಬಂದರೆ ಒಂದು ತೆಗೆದು ಎಂಟು ಮಾಡಿ. ಜರ್ಮನಿ, ಅಮೆರಿಕ, ಇಂಗ್ಲೆಂಡಿನಲ್ಲಿ ಎದುರಿಗೇ ತೆರೆದು ಮೆಚ್ಚಿಕೊಳ್ಳುತ್ತಾರೆ. ನಿಮಗೆ ಯಾರಾದರೂ ಕೊಟ್ಟಾಗ ನೀವೂ ಹಾಗೆಯೇ ಮಾಡಬೇಕು. ನಮ್ಮಲ್ಲಿಯಂತೆ ಒಳಗೆ ಒಯ್ದು ಇಟ್ಟರೆ ಇಷ್ಟವಾಗಲಿಲ್ಲವೇನೋ ಎಂದು ತಿಳಿಯುತ್ತಾರೆ. ಅರಬ್ಬರಿಗೆ ಬಲಗೈಯಲ್ಲಿ ಅಥವಾ ಎರಡೂ ಕೈಯಲ್ಲಿ, ಬರಿ ಎಡಗೈಯಲ್ಲಿ ಎಂದೂ ಇಲ್ಲ. ನಮಗೂ ಇದು ಹೊಸದಲ್ಲ. ಸಹೋದ್ಯೋಗಿಯ ಹೆಂಡತಿಗೆ ಎಂದು ಗಂಡಸು ಬೇರೆಯಾಗಿ ಕಾಣಿಕೆ ಕೊಡದೆ, ಮನೆಯವರಿಗೆಲ್ಲ ಎಂದು ಹೇಳಿ ಕೊಡುವುದು ಸರಿ. ಚೀನಾದವರು ಎರಡು ಮೂರು ಸಲ ಬೇಡ ಎಂದು ಆಮೇಲೆ ತೆಗೆದುಕೊಳ್ಳುತ್ತಾರೆ, ಅಲ್ಲಿ ಮೆಲ್ಲಗೆ ಒತ್ತಾಯಿಸಬೇಕು.

ಜರ್ಮನಿಯಲ್ಲಿ ಒತ್ತಾಯಿಸಬಾರದು. "ಇನ್ನೊಂದು ತಗೋರಿ, ಏನಾಗಂಗಿಲ್ಲ" ಎಂದು ತಟ್ಟೆಗೆ ಹಾಕುವುದು ಉತ್ತರ ಕರ್ನಾಟಕದ ಮನೆಯ ಅಂತಃಕರಣ. ಅಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ; ಎರಡನೇ ಸಲ ಹೇಳಿದರೆ ಅವರ ಮಾತನ್ನು ನಂಬಲಿಲ್ಲ ಎಂದಾಗುತ್ತದೆ. ಊಟಕ್ಕೆ ಕರೆದ ಹೊತ್ತಿಗೆ ಸರಿಯಾಗಿ ಹೋಗಿ, ಬೇಗವೂ ಬೇಡ, ಕಾಲು ಗಂಟೆ ತಡವೂ ಬೇಡ. ಹೂವು ಒಯ್ದರೆ ಬೆಸ ಸಂಖ್ಯೆಯಲ್ಲಿ, ಹದಿಮೂರು ಬಿಟ್ಟು. ಕೆಂಪು ಗುಲಾಬಿ ಪ್ರೇಮಿಗಳಿಗೆ. ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲು ಶುಭಾಶಯವನ್ನಾಗಲಿ ಕಾಣಿಕೆಯನ್ನಾಗಲಿ ಕೊಡಬೇಡಿ, ಕೆಡುಕು ತರುತ್ತದೆ ಎಂದು ನಂಬುತ್ತಾರೆ. ಊಟಕ್ಕೆ ಕರೆದವರ ಕೈಗೆ 101 ರೂಪಾಯಿಯ ರೀತಿಯಲ್ಲಿ ನಗದು ಕವರ್ ಇಡುವುದು ಯುರೋಪಿನಲ್ಲಾಗಲಿ ಅಮೆರಿಕದಲ್ಲಾಗಲಿ ಬೇಡವೇ ಬೇಡ.

ಯಾರಿಗೆ ಯಾವುದು ಎಂದು ಕೇಳಿದರೆ, ಜಪಾನಿಗೆ ಖಾದಿ ಟವೆಲ್ ಆರು ಮತ್ತು ಖಣದ ಹೊದಿಕೆ. ಜರ್ಮನಿಗೆ ಖಡಕ್ ರೊಟ್ಟಿ, ಅಗಸಿ ಹಿಂಡಿ. ಬ್ರಿಟನ್, ಅಮೆರಿಕಕ್ಕೆ ಕಸೂತಿ. ಕೊಲ್ಲಿಗೆ ಪೇಡೆ, ಗೆರೆಯ ವಿನ್ಯಾಸದ ಮೇಜಿನ ಪಟ್ಟಿ. ಆಸ್ಟ್ರೇಲಿಯಾಕ್ಕೆ ಬಟ್ಟೆ ಬಿಟ್ಟು ಬೇರೇನೂ ಇಲ್ಲದಿದ್ದರೆ ನೆಮ್ಮದಿ. ಕಸೂತಿ, ಜಮಖಾನೆ ಮಾಡಿಸಲು ವಾರಗಳು ಹಿಡಿಯುತ್ತವೆ, ವೀಸಾ ಕೈಗೆ ಬಂದ ಕೂಡಲೇ ಹೇಳಿಬಿಡಿ. ರೊಟ್ಟಿಗೆ ಎರಡು ದಿನ ಮೊದಲು. ಪೇಡೆಯನ್ನು ಮಾತ್ರ ಹೊರಡುವ ದಿನ ಬೆಳಗ್ಗೆ, ಡಬ್ಬಿಯ ಮೇಲಿನ ತಾರೀಖು ಓದಿಯೇ ಕೊಳ್ಳಿ.